ವಿದೇಶಿ ಸಿನಿಮಾ ತಂಡ ಬೆಂಗಳೂರಿಗೆ ಬಂದಾಗ: ಕಂಪನಿ ಕಟ್ಟಬೇಕೆ, ಕರಾರು ಸಾಕೆ?

ಮೊದಲ ಇಮೇಲ್ ಸಾಮಾನ್ಯವಾಗಿ ರಾತ್ರಿ ಹನ್ನೊಂದರ ಹೊತ್ತಿಗೆ ಬರುತ್ತದೆ. ಲಂಡನ್ನಿನಲ್ಲಿ ಆಗ ಕಚೇರಿ ಮುಚ್ಚುವ ಸಮಯ. ‘ಫೆಬ್ರವರಿಯಲ್ಲಿ ಹದಿನೆಂಟು ದಿನ ಚಿತ್ರೀಕರಣ. ದೊಡ್ಡ ಬಂಡೆಗಳು, ಹಳೆಯ ಮಾರುಕಟ್ಟೆ, ಒಂದು ರೈಲು ನಿಲ್ದಾಣ ಬೇಕು. ಇದಕ್ಕಾಗಿ ನಾವು ಭಾರತದಲ್ಲಿ ಕಂಪನಿ ನೋಂದಾಯಿಸಬೇಕೆ?’ ಕೊನೆಯ ಪ್ರಶ್ನೆಯನ್ನು ಬದಿಗಿಟ್ಟು ನಮ್ಮವರು ಮೊದಲು ಬಂಡೆಯ ಫೋಟೊ ಕಳುಹಿಸುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಅವರು ಮೆಚ್ಚಿದರು, ಬಂದರು, ಕೆಲಸ ಮುಗಿಸಿ ಹೋದರು. ಆಮೇಲೆ ಎಂಟು ತಿಂಗಳು ನಾನು ಲೆಕ್ಕಪರಿಶೋಧಕರ ಕಚೇರಿಯ ಬೆಂಚು ಸವೆಸಿದೆ.

ಬಂಡೆಗೆ ನಮ್ಮಲ್ಲಿ ಬರವಿಲ್ಲ. ಬಿಹಾರದ ಗುಹೆಗಳಲ್ಲಿ ನಡೆಯುವ ಕಥೆಗೆ ಬ್ರಿಟಿಷ್ ತಂಡವೊಂದು ಸಾವನದುರ್ಗವನ್ನೂ ರಾಮನಗರದ ಬೆಟ್ಟವನ್ನೂ ಬಳಸಿಕೊಂಡು ನಾಲ್ಕು ದಶಕಗಳೇ ಕಳೆದಿವೆ. ನಮಗೆ ಬರವಿರುವುದು ಆ ಕೊನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಬಲ್ಲವರಿಗೆ. ಗಾಂಧಿನಗರದಲ್ಲೋ ರಾಜಾಜಿನಗರದಲ್ಲೋ ಸಣ್ಣ ನಿರ್ಮಾಣ ಸಂಸ್ಥೆ ನಡೆಸುತ್ತ, ಇಂಥ ಇಮೇಲ್‌ಗೆ ಏನು ಬರೆಯಬೇಕೆಂದು ತಲೆ ಕೆರೆದುಕೊಳ್ಳುವವರಿಗಾಗಿ ಈ ಲೇಖನ.

ಮೊದಲ ಹೆಜ್ಜೆ: ಫೋಟೊಕ್ಕಿಂತ ಮೊದಲು ನಾಲ್ಕು ಪ್ರಶ್ನೆ

ಇದು ಕಥಾಚಿತ್ರವೇ, ವೆಬ್ ಸರಣಿಯೇ, ಸಾಕ್ಷ್ಯಚಿತ್ರವೇ, ಜಾಹೀರಾತೇ? ಭಾರತದೊಳಗೆ ಎಷ್ಟು ದಿನ ಇರುತ್ತಾರೆ, ಎಷ್ಟು ರೂಪಾಯಿ ಖರ್ಚು ಮಾಡುತ್ತಾರೆ? ಬರುತ್ತಿರುವ ಕಂಪನಿಯ ಷೇರುದಾರರಲ್ಲಿ ಭಾರತದ ಪ್ರಜೆಗಳು ಅಥವಾ ಇಲ್ಲಿನ ನಿವಾಸಿಗಳು ಇದ್ದಾರೆಯೇ? ಸಿನಿಮಾದ ಹಕ್ಕಿನಲ್ಲಿ ಇಲ್ಲಿಯವರಿಗೆ ಪಾಲು ಕೊಡುವ ಇರಾದೆ ಇದೆಯೇ?

ಮೂರನೆಯ ಪ್ರಶ್ನೆ ಕೇಳಲು ಸಂಕೋಚವಾಗುತ್ತದೆ, ಮನೆಗೆ ಬಂದ ನೆಂಟರ ಸಂಬಳ ಕೇಳಿದಂತೆ. ಆದರೂ ಕೇಳಿ. ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಎರಡನೆಯ ಹೆಜ್ಜೆ: ಯಾವ ದಾರಿ?

ಹತ್ತರಲ್ಲಿ ಒಂಬತ್ತು ತಂಡಗಳಿಗೆ ಬೇಕಾದುದು ಲೈನ್ ಪ್ರೊಡಕ್ಷನ್ ಕರಾರು, ಅಷ್ಟೇ. ಕಥೆ, ಹಕ್ಕು, ಹಣ ಅವರದು. ಅನುಮತಿ, ಆಳು, ವಾಹನ, ಊಟ, ಲೆಕ್ಕ ನಮ್ಮದು. ಹದಿನೆಂಟು ದಿನದ ಕೆಲಸಕ್ಕೆ ಕಂಪನಿ ಕಟ್ಟುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ತೆರಿಗೆ ಕಾನೂನು ಕೂಡ ಈ ದಾರಿಗೆ ಒತ್ತಾಸೆಯಾಗಿದೆ. 1961ರ ಆದಾಯ ತೆರಿಗೆ ಕಾಯಿದೆಯ 9ನೇ ಸೆಕ್ಷನ್ನಿನಲ್ಲಿ ಒಂದು ಪುಟ್ಟ ವಿವರಣೆ ಇತ್ತು. ಅನಿವಾಸಿ ಸಂಸ್ಥೆಯ ಚಟುವಟಿಕೆ ಭಾರತದಲ್ಲಿ ಸಿನಿಮಾ ಚಿತ್ರೀಕರಣಕ್ಕಷ್ಟೇ ಸೀಮಿತವಾಗಿದ್ದರೆ, ಆ ಚಟುವಟಿಕೆಯಿಂದ ಇಲ್ಲಿ ಆದಾಯ ಹುಟ್ಟಿತೆಂದು ಪರಿಗಣಿಸುವಂತಿಲ್ಲ. ಆದರೆ ಷರತ್ತಿದೆ: ಬಂದಿರುವುದು ಕಂಪನಿಯಾದರೆ ಅದರಲ್ಲಿ ಭಾರತದ ಪ್ರಜೆಯೋ ನಿವಾಸಿಯೋ ಷೇರುದಾರರಾಗಿರಬಾರದು, ಪಾಲುದಾರಿಕೆ ಸಂಸ್ಥೆಯಾದರೆ ಅಂಥವರು ಪಾಲುದಾರರಾಗಿರಬಾರದು. ಇಪ್ಪತ್ತು ವರ್ಷ ಟೊರಾಂಟೊದಲ್ಲಿದ್ದರೂ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಮ್ಮ ಹಾಸನದ ಹುಡುಗನೊಬ್ಬ ಆ ಕಂಪನಿಯಲ್ಲಿ ಶೇಕಡಾ 2ರಷ್ಟು ಷೇರು ಹೊಂದಿದ್ದರೂ ಲೆಕ್ಕ ಬೇರೆಯಾಗುತ್ತದೆ. ಮೂರನೆಯ ಪ್ರಶ್ನೆ ಇದಕ್ಕಾಗಿಯೇ. 2025ರ ಹೊಸ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಅದರಲ್ಲಿ ಇದಕ್ಕೆ ಸಮನಾದ ನಿಯಮವನ್ನು ನಿಮ್ಮ ಚಾರ್ಟರ್ಡ್ ಅಕೌಂಟೆಂಟ್‌ರಿಂದ ಬರಹದಲ್ಲಿ ಪಡೆಯಿರಿ. ಇನ್ನೊಂದು ಮಾತು: ಈ ವಿನಾಯಿತಿ ಚಿತ್ರೀಕರಣಕ್ಕೆ ಮಾತ್ರ. ಅದೇ ಸಿನಿಮಾದ ಪ್ರಸಾರ ಹಕ್ಕನ್ನು ನಾಳೆ ಇಲ್ಲಿ ಮಾರಿದರೆ ಆ ಹಣದ ತೆರಿಗೆ ಬೇರೆ ವಿಷಯ.

ಎರಡನೆಯದು ಸಹನಿರ್ಮಾಣ. ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಸ್ಪೇನ್, ಪೋಲೆಂಡ್, ಕೆನಡಾ, ಬ್ರೆಜಿಲ್, ನ್ಯೂಜಿಲೆಂಡ್, ದಕ್ಷಿಣ ಕೊರಿಯ, ಇಸ್ರೇಲ್, ಆಸ್ಟ್ರೇಲಿಯ ಹೀಗೆ ಹಲವು ದೇಶಗಳೊಂದಿಗೆ ಭಾರತಕ್ಕೆ ಸಹನಿರ್ಮಾಣ ಒಪ್ಪಂದವಿದೆ. ಒಪ್ಪಂದದಡಿ ಮಾನ್ಯತೆ ಪಡೆದ ಸಿನಿಮಾಕ್ಕೆ ಎರಡೂ ದೇಶಗಳಲ್ಲಿ ದೇಶೀ ಸಿನಿಮಾದ ಸ್ಥಾನ ಸಿಗುತ್ತದೆ. ಹಾಗೆಂದು ಬಂಡವಾಳ ಹಾಕದೆ ಬರೀ ಊಟ, ವಾಹನ ಒದಗಿಸಿ ‘ನಾವೂ ನಿರ್ಮಾಪಕರು’ ಎನ್ನಲಾಗದು. ಹಣದಲ್ಲೂ ಸೃಜನಶೀಲ ಕೆಲಸದಲ್ಲೂ ಎರಡು ಕಡೆಯವರ ಪಾಲಿರಬೇಕು. ಹಲವು ಒಪ್ಪಂದಗಳಲ್ಲಿ ಕನಿಷ್ಠ ಪಾಲು ಶೇಕಡಾ 20. ಕನ್ನಡದ ನಿರ್ದೇಶಕರು, ಸಂಕಲನಕಾರರು, ಗ್ರಾಫಿಕ್ಸ್ ಸ್ಟುಡಿಯೊದವರು ನಿಜವಾಗಿ ಕೈಜೋಡಿಸುವುದಾದರೆ ಇದು ಚೆನ್ನಾದ ದಾರಿ. ಅವಸರದವರಿಗೆ ಅಲ್ಲ.

ಮೂರನೆಯದು ಇಲ್ಲಿಯೇ ಪ್ರೈವೇಟ್ ಲಿಮಿಟೆಡ್ ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ). ಸಿನಿಮಾ ಕ್ಷೇತ್ರದಲ್ಲಿ ಶೇಕಡಾ 100 ವಿದೇಶಿ ಹೂಡಿಕೆಗೆ ಸ್ವಯಂಚಾಲಿತ ಮಾರ್ಗದ, ಅಂದರೆ ಸರ್ಕಾರದ ಪೂರ್ವಾನುಮತಿ ಬೇಡದ, ಅವಕಾಶವಿದೆ. ಆದರೆ 2020ರ ನಿಯಮದಂತೆ ಚೀನಾದಂಥ ನೆರೆಗಡಿಯ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿಯ ಪ್ರಶ್ನೆ ಏಳುತ್ತದೆ. ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿದ್ದವರಾಗಿರಬೇಕು. ಈ ‘ಒಬ್ಬರು’ ಯಾರೆಂದು ನೋಡಿದರೆ ಅದು ನೀವೇ ಆಗಿರುತ್ತೀರಿ. ತಂಡ ಊರಿಗೆ ಹೋದ ಮೇಲೂ ವಾರ್ಷಿಕ ಲೆಕ್ಕಪರಿಶೋಧನೆ, ಕಂಪನಿ ನೋಂದಣಿ ಕಚೇರಿಗೆ ಸಲ್ಲಿಸುವ ವಿವರಗಳು, ಕೊನೆಗೆ ಕಂಪನಿ ಮುಚ್ಚುವ ಅರ್ಜಿ, ಎಲ್ಲಕ್ಕೂ ನಿಮ್ಮದೇ ಸಹಿ. ಮೂರು ವರ್ಷ ಬೇರೆ ಬೇರೆ ಸರಣಿ ಮಾಡುತ್ತೇವೆ, ಇಲ್ಲಿ ಗ್ರಾಫಿಕ್ಸ್ ಘಟಕ ತೆರೆಯುತ್ತೇವೆ ಎನ್ನುವವರಿಗೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ನಾಲ್ಕನೆಯದು ಶಾಖಾ ಕಚೇರಿ ಅಥವಾ ಸಂಪರ್ಕ ಕಚೇರಿ. ಶಾಖೆಗೆ ಮೂಲ ಕಂಪನಿ ಸತತ ಐದು ವರ್ಷ ಲಾಭ ಗಳಿಸಿರಬೇಕು, ಅದರ ನಿವ್ವಳ ಮೌಲ್ಯ 1 ಲಕ್ಷ ಡಾಲರ್ ಇರಬೇಕು. ಸಂಪರ್ಕ ಕಚೇರಿಗೆ ಮೂರು ವರ್ಷದ ಲಾಭ, 50 ಸಾವಿರ ಡಾಲರ್ ಸಾಕು. ಆದರೆ ಅದು ವ್ಯವಹಾರವನ್ನೇ ಮಾಡುವಂತಿಲ್ಲ. ಒಂದೇ ಸಿನಿಮಾಕ್ಕೆಂದು ಹುಟ್ಟುಹಾಕಿದ ಕಂಪನಿಗೆ ಐದು ವರ್ಷದ ಲಾಭ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಶಾಖೆಯ ಆದಾಯಕ್ಕೆ ವಿದೇಶಿ ಕಂಪನಿಯ ದರ: ಶೇಕಡಾ 35, ಮೇಲೆ ಸರ್ಚಾರ್ಜ್ ಮತ್ತು ಸೆಸ್. ಇಲ್ಲಿಯ ಕಂಪನಿ ರಿಯಾಯಿತಿ ದರ ಆಯ್ದುಕೊಂಡರೆ ಎಲ್ಲ ಸೇರಿ ಸುಮಾರು ಶೇಕಡಾ 25. ಸಿನಿಮಾದವರಿಗೆ ಈ ಬಾಗಿಲು ಬೇಡ.

ಮೂರನೆಯ ಹೆಜ್ಜೆ: ಕರಾರು ಬರೆಯುವಾಗ ದಲ್ಲಾಳಿಯಾಗಬೇಡಿ

ನಾನು ಬೆಂಚು ಸವೆಸಿದ್ದು ಇಲ್ಲಿ. ನನ್ನ ಮೊದಲ ಕರಾರು ಒಂದೂವರೆ ಪುಟದ್ದು. ‘ತಂಡಕ್ಕೆ ಸ್ಥಳೀಯ ಸೇವೆಗಳನ್ನು ಹೊಂದಿಸಿಕೊಡುವುದು, ಅದಕ್ಕೆ ಶೇಕಡಾ 10 ಕಮಿಷನ್’ ಎಂದು ಬರೆದುಕೊಂಡಿದ್ದೆ. ಆ ‘ಹೊಂದಿಸಿಕೊಡುವುದು’ ಮತ್ತು ‘ಕಮಿಷನ್’ ಎಂಬ ಎರಡು ಪದಗಳು ನನ್ನನ್ನು ಜಿಎಸ್‌ಟಿ ಭಾಷೆಯಲ್ಲಿ ಮಧ್ಯವರ್ತಿಯನ್ನಾಗಿ ಮಾಡಿದವು. ಸೇವಾ ರಫ್ತಿಗೆ ತೆರಿಗೆ ಇಲ್ಲ. ರಫ್ತು ಎನಿಸಿಕೊಳ್ಳಬೇಕಾದರೆ ಸೇವೆ ಪಡೆಯುವವರು ಹೊರದೇಶದಲ್ಲಿರಬೇಕು, ಹಣ ವಿದೇಶಿ ವಿನಿಮಯದಲ್ಲಿ ಬರಬೇಕು, ಜೊತೆಗೆ ಕಾನೂನಿನ ಲೆಕ್ಕದಲ್ಲಿ ಸೇವೆ ಸಂದ ಸ್ಥಳವೂ ಭಾರತದ ಹೊರಗಿರಬೇಕು. ಮಧ್ಯವರ್ತಿಯ ಸೇವೆ ಸಂದ ಸ್ಥಳ ಮಧ್ಯವರ್ತಿಯ ಊರೇ ಎಂದು ಐಜಿಎಸ್‌ಟಿ ಕಾಯಿದೆ ಹೇಳುತ್ತಿತ್ತು. ನನ್ನ ಊರು ಬೆಂಗಳೂರು. ಹಾಗಾಗಿ ಶೇಕಡಾ 18. ಈ ನಿಯಮವನ್ನು ಕೈಬಿಡಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದೆ. ನೀವು ಕರಾರಿಗೆ ಸಹಿ ಹಾಕುವ ದಿನ ಕಾಯಿದೆ ಏನು ಹೇಳುತ್ತದೆ ಎಂದು ಖಚಿತಪಡಿಸಿಕೊಳ್ಳಿ.

ಈಗ ನಾನು ಬರೆಯುವುದು ಹೀಗೆ: ಇಡೀ ಸೇವೆಯನ್ನು ನನ್ನ ಸಂಸ್ಥೆಯೇ ತನ್ನ ಹೊಣೆಯಲ್ಲಿ ಒದಗಿಸುತ್ತದೆ, ವಾಹನದವರು, ಲೈಟಿನವರು, ಅಡುಗೆಯವರು ನನ್ನ ಉಪಗುತ್ತಿಗೆದಾರರು, ಅವರಿಗೆ ಹಣ ಕೊಡುವ ಬಾಧ್ಯತೆ ನನ್ನದು, ಸಂಭಾವನೆ ಒಟ್ಟು ಮೊತ್ತ. ಇಷ್ಟಾದರೂ ವಿವಾದ ಪೂರ್ತಿ ತಪ್ಪುವುದಿಲ್ಲ. ಹೋಟೆಲ್ ಕೋಣೆ, ಬಂಗಲೆಯ ಬಾಡಿಗೆ ಇಂಥವು ಸ್ಥಿರಾಸ್ತಿಗೆ ಅಂಟಿದ ಸೇವೆಗಳಾದ್ದರಿಂದ ಆಸ್ತಿ ಇರುವ ಜಾಗವೇ ಸೇವೆಯ ಜಾಗ. ಆದ್ದರಿಂದ ದರಪಟ್ಟಿ ಕಳುಹಿಸುವ ಮೊದಲೇ ಲೆಕ್ಕಪರಿಶೋಧಕರ ಅಭಿಪ್ರಾಯ ಪಡೆಯಿರಿ. ಮುಂದೆ ತೆರಿಗೆ ಬಿದ್ದರೆ ಯಾರು ಕಟ್ಟಬೇಕೆಂಬ ಸಾಲು ಕರಾರಿನಲ್ಲಿರಲಿ. ಒಂದು ಕೋಟಿ ರೂಪಾಯಿಯ ಬಿಲ್ಲಿನ ಮೇಲೆ 18 ಲಕ್ಷ ಎಂದರೆ ನಿಮ್ಮ ಲಾಭ ಮಾತ್ರವಲ್ಲ, ಕಾರೂ ಹೋಗುತ್ತದೆ. ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಪ್ರತಿ ಆರ್ಥಿಕ ವರ್ಷವೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಹಣ ಬಂದಾಗಲೆಲ್ಲ ಬ್ಯಾಂಕಿನಿಂದ ವಿದೇಶಿ ಹಣ ಜಮೆಯಾದ ಪತ್ರ ಪಡೆದು ಫೈಲಿಗೆ ಸೇರಿಸಿ.

ಹಣ ಯಾವಾಗ ಬರಬೇಕು? ಕಂತುಗಳಲ್ಲಿ, ಯಾವಾಗಲೂ ಖರ್ಚಿಗೆ ಮುಂಚಿತವಾಗಿ. ಕೊನೆಯ ಕಂತನ್ನು ತಂಡ ವಿಮಾನ ಹತ್ತಿದ ಮೇಲೆ ಇಟ್ಟುಕೊಂಡರೆ ಅದು ಬರುವುದಿಲ್ಲ ಎಂದೇ ತಿಳಿಯಿರಿ. ಇದು ಅವರು ಕೆಟ್ಟವರೆಂದಲ್ಲ; ಒಂದು ಸಿನಿಮಾಕ್ಕೆ ಕಟ್ಟಿದ ಕಂಪನಿಯಲ್ಲಿ ಆ ಹೊತ್ತಿಗೆ ಫೋನ್ ಎತ್ತುವವರೇ ಇರುವುದಿಲ್ಲ. ಮಳೆ, ಬಂದ್, ಕಲಾವಿದರ ಅನಾರೋಗ್ಯದಿಂದ ದಿನ ಹೆಚ್ಚಾದರೆ ದಿನಕ್ಕೆ ಎಷ್ಟು ಎಂಬುದನ್ನೂ ಬರೆಯಿರಿ.

ನಾಲ್ಕನೆಯ ಹೆಜ್ಜೆ: ದೆಹಲಿಯ ಅನುಮತಿ, ಸರಿಯಾದ ವೀಸಾ

ಕಥಾಚಿತ್ರ, ಟಿ.ವಿ. ಕಾರ್ಯಕ್ರಮ ಮತ್ತು ವೆಬ್ ಸರಣಿಗಳಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಅರ್ಜಿ ಇಂಡಿಯಾ ಸಿನಿ ಹಬ್ ಪೋರ್ಟಲ್ ಮೂಲಕ. ಇದು 2015ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ (ಎನ್‌ಎಫ್‌ಡಿಸಿ) ಆರಂಭವಾದ ಫಿಲ್ಮ್ ಫೆಸಿಲಿಟೇಶನ್ ಆಫೀಸಿನ ಈಗಿನ ರೂಪ. ಚಿತ್ರಕಥೆ, ಸ್ಥಳಗಳ ಪಟ್ಟಿ, ತಂಡದವರ ಪಾಸ್‌ಪೋರ್ಟ್ ವಿವರ ಎಲ್ಲವನ್ನೂ ಕೇಳುತ್ತಾರೆ. ಸಾಕ್ಷ್ಯಚಿತ್ರ ಮತ್ತು ಜಾಹೀರಾತಿನ ದಾರಿ ಬೇರೆ: ಅದು ವಿದೇಶಾಂಗ ಸಚಿವಾಲಯದ್ದು, ಅವರ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ಮೂಲಕ ಶುರುವಾಗುತ್ತದೆ. ಮೊದಲ ಹೆಜ್ಜೆಯ ಮೊದಲ ಪ್ರಶ್ನೆ ಇದಕ್ಕಾಗಿ.

ಕಥಾಚಿತ್ರದವರಿಗೆ ಫಿಲ್ಮ್ ವೀಸಾ ಎಂಬ ಪ್ರತ್ಯೇಕ ವರ್ಗವಿದೆ. ‘ಪ್ರವಾಸಿ ವೀಸಾದಲ್ಲಿ ಬಂದು ಸಣ್ಣ ಕ್ಯಾಮೆರಾದಲ್ಲಿ ಮುಗಿಸಿಬಿಡೋಣ’ ಎನ್ನುವವರಿಗೆ ಒಪ್ಪಬೇಡಿ. ಸಿಕ್ಕಿಬಿದ್ದರೆ ಅವರು ಮನೆಗೆ ಹೋಗುತ್ತಾರೆ, ನೀವು ಠಾಣೆಗೆ.

ಐದನೆಯ ಹೆಜ್ಜೆ: ದೇವನಹಳ್ಳಿಯ ಕಸ್ಟಮ್ಸ್ ಮೇಜು

ಕ್ಯಾಮೆರಾ, ಲೆನ್ಸ್‌ಗಳಿಗೆ ಸುಂಕ ಕಟ್ಟದೆ ತಾತ್ಕಾಲಿಕವಾಗಿ ತಂದು ವಾಪಸ್ ಒಯ್ಯಲು ಎಟಿಎ ಕಾರ್ನೆಟ್ ಎಂಬ ದಾಖಲೆಯಿದೆ. ಅದನ್ನು ಸರಕಿನ ಪಾಸ್‌ಪೋರ್ಟ್ ಎನ್ನಬಹುದು. ಅವರ ದೇಶದ ವಾಣಿಜ್ಯ ಮಂಡಳಿ ಕೊಡುತ್ತದೆ. ನಮ್ಮಲ್ಲಿ ಅದಕ್ಕೆ ಜಾಮೀನು ನಿಲ್ಲುವ ಸಂಸ್ಥೆ ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಪ್ರತಿ ವಸ್ತುವಿನ ಕ್ರಮಸಂಖ್ಯೆ ಅದರಲ್ಲಿರಬೇಕು. ಒಮ್ಮೆ ಬೆಳಗಿನ ಜಾವ ಮೂರೂವರೆಗೆ ಅಧಿಕಾರಿಯೊಬ್ಬರು ಕನ್ನಡಕ ಹಣೆಗೇರಿಸಿ ಲೆನ್ಸಿನ ಅಂಚನ್ನು ದೀಪಕ್ಕೆ ಹಿಡಿದು ಓದಿದರು. ಪಟ್ಟಿಯಲ್ಲಿ ಎರಡು ಸೊನ್ನೆ, ಲೆನ್ಸಿನ ಮೇಲೆ ಮೂರು. ‘ಇದು ಆ ಲೆನ್ಸ್ ಅಲ್ಲವಲ್ಲ ಸ್ವಾಮಿ’ ಎಂದರು, ಬಹಳ ಮೆಲ್ಲಗೆ. ಒಂದು ಸೊನ್ನೆಗಾಗಿ ಆ ಪೆಟ್ಟಿಗೆ ಎರಡು ದಿನ ಅಲ್ಲಿಯೇ ಉಳಿಯಿತು. ಅಂದಿನಿಂದ ಹೊರಡುವ ಮೊದಲೇ ಪ್ರತಿ ಸಂಖ್ಯೆಯ ಫೋಟೊ ತರಿಸಿಕೊಂಡು ನಾನೇ ಹೋಲಿಸಿ ನೋಡುತ್ತೇನೆ. ಟೇಪು, ಬ್ಯಾಟರಿಯಂತೆ ಬಳಸಿ ಮುಗಿಸುವ ಸಾಮಾನು ಕಾರ್ನೆಟ್‌ಗೆ ಸೇರದು, ಅವನ್ನು ಎಸ್‌.ಪಿ. ರಸ್ತೆಯಲ್ಲಿ ಕೊಳ್ಳಿ.

ಡ್ರೋನ್ ತರಲೇಬೇಡಿ ಎಂದು ಮೂರು ಸಲ ಬರೆಯಿರಿ. ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರವರಿಯಲ್ಲೇ ನಿಷೇಧಿಸಲಾಗಿದೆ. ಇಲ್ಲಿನ ನೋಂದಾಯಿತ ಡ್ರೋನನ್ನು ಇಲ್ಲಿನ ಪರವಾನಗಿಯುಳ್ಳ ಪೈಲಟ್ ಹಾರಿಸಲಿ. ಅದೂ ಎಲ್ಲೆಂದರಲ್ಲಿ ಅಲ್ಲ: ಎಚ್‌ಎಎಲ್, ಯಲಹಂಕ ವಾಯುನೆಲೆ, ಕೆಂಪೇಗೌಡ ವಿಮಾನ ನಿಲ್ದಾಣ ಮೂರೂ ಇರುವ ಊರಿದು. ಸ್ಯಾಟಲೈಟ್ ಫೋನ್ ಕೂಡ ಬೇಡ, ಅನುಮತಿಯಿಲ್ಲದೆ ಇಟ್ಟುಕೊಂಡರೆ ಬಂಧನವೇ ಆಗಬಹುದು. ವಾಕಿ-ಟಾಕಿಯನ್ನು ಪರವಾನಗಿ ಇರುವವರಿಂದ ಇಲ್ಲಿಯೇ ಬಾಡಿಗೆಗೆ ಪಡೆಯಿರಿ. ಕಿಸೆಯಲ್ಲಿ 5 ಸಾವಿರ ಡಾಲರ್‌ಗಿಂತ ಹೆಚ್ಚು ನೋಟು ತಂದವರು ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.

ಆರನೆಯ ಹೆಜ್ಜೆ: ಪ್ರೋತ್ಸಾಹಧನ ಮತ್ತು ಹೂವಿನ ಬಿಲ್ಲು

ವಿದೇಶಿ ನಿರ್ಮಾಪಕರ ಕಣ್ಣು ಅರಳುವ ವಿಷಯವಿದು. ಭಾರತದಲ್ಲಿ ಮಾಡಿದ ಅರ್ಹ ವೆಚ್ಚದ ಶೇಕಡಾ 30ರಷ್ಟನ್ನು ಕೇಂದ್ರ ಸರ್ಕಾರ ಮರಳಿಸುತ್ತದೆ. ತಂಡದಲ್ಲಿ ಶೇಕಡಾ 15ಕ್ಕಿಂತ ಕಡಿಮೆಯಿಲ್ಲದಂತೆ ಭಾರತೀಯರಿದ್ದರೆ ಇನ್ನೂ 5, ಸಿನಿಮಾದಲ್ಲಿ ಗಣನೀಯ ಭಾರತೀಯ ಅಂಶವಿದ್ದರೆ ಮತ್ತೆ 5, ಒಟ್ಟು 40ರವರೆಗೆ. 2022ರಲ್ಲಿ ಘೋಷಿಸಿದಾಗ 2 ಕೋಟಿ ಇದ್ದ ಮಿತಿಯನ್ನು 2023ರ ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದ ಹೊತ್ತಿಗೆ 30 ಕೋಟಿ ರೂಪಾಯಿಗೆ ಏರಿಸಿದರು. ನೇರ ಚಿತ್ರೀಕರಣಕ್ಕೆ ಅರ್ಹ ವೆಚ್ಚ ಕನಿಷ್ಠ 3 ಕೋಟಿ ಇರಬೇಕು. ಹಣ ಒಮ್ಮೆಗೇ ಬರುವುದಿಲ್ಲ, ಹಂತಗಳಲ್ಲಿ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಿಯಮಾವಳಿಯನ್ನು ಇಳಿಸಿಕೊಂಡು ಓದಿ. ಈ ಹಣವನ್ನು ನಂಬಿ ಚಿತ್ರೀಕರಣದ ದಿನಗಳನ್ನು ಹೆಚ್ಚಿಸಲು ಹೊರಟವರನ್ನು ತಡೆಯಿರಿ.

‘ಅರ್ಹ’ ಎಂಬ ಪದ ಎಷ್ಟು ಭಾರವೆಂದು ನನಗೆ ತಿಳಿದದ್ದು ಕೆ.ಆರ್. ಮಾರುಕಟ್ಟೆಯಲ್ಲಿ. ನಸುಕಿನ ನಾಲ್ಕು ಗಂಟೆ, ನೆಲವೆಲ್ಲ ಒದ್ದೆ ಎಲೆ. ನಿರ್ದೇಶಕರಿಗೆ ಇದ್ದಕ್ಕಿದ್ದಂತೆ ನಲವತ್ತು ಬುಟ್ಟಿ ಚೆಂಡುಹೂವು ಬೇಕಾಯಿತು. ಅವರ ಲೆಕ್ಕದವರು ನನ್ನ ಪಕ್ಕದಲ್ಲೇ ನಿಂತು ‘ಬಿಲ್, ಬಿಲ್’ ಎನ್ನುತ್ತಿದ್ದರು. ಹೂವಿನ ಅಮ್ಮ ಊದುಬತ್ತಿ ಪೊಟ್ಟಣದ ಹಿಂಬದಿಯಲ್ಲಿ ಲೆಕ್ಕ ಬರೆದು ಚಾಚಿದರು. ‘ಬಿಲ್ ಎಲ್ಲಿಂದ ತರಲಿ ಅಣ್ಣ? ಬೇಕಾದರೆ ತೆಗೆದುಕೊಳ್ಳಿ, ಬೆಳಕು ಹರಿದರೆ ಇದಕ್ಕೆ ಈ ಬೆಲೆಯೂ ಇಲ್ಲ.’ ಊದುಬತ್ತಿ ಪೊಟ್ಟಣವನ್ನು ಯಾವ ಲೆಕ್ಕಪರಿಶೋಧಕರೂ ಒಪ್ಪುವುದಿಲ್ಲ. ಆ ಬೆಳಗ್ಗೆ ಮಾಡಿದ ಖರ್ಚನ್ನು ಅರ್ಹ ವೆಚ್ಚದಿಂದ ಹೊರಗಿಟ್ಟೆವು.

ಈಗ ಮೊದಲೇ ಒಬ್ಬ ಸಗಟು ವ್ಯಾಪಾರಿಯನ್ನು ಹಿಡಿಯುತ್ತೇನೆ. ಪ್ಯಾನ್ ಸಂಖ್ಯೆ, ಅಚ್ಚಾದ ಬಿಲ್ ಪುಸ್ತಕ, ಬ್ಯಾಂಕ್ ಖಾತೆ ಇರುವವರನ್ನು. ಚಿಲ್ಲರೆ ಖರೀದಿಗೆ ನಮ್ಮದೇ ಓಚರ್: ಹೆಸರು, ಮೊಬೈಲ್ ಸಂಖ್ಯೆ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು, ಯುಪಿಐ ಪಾವತಿಯ ಚಿತ್ರ. ಒಬ್ಬರಿಗೆ ಒಂದೇ ದಿನದಲ್ಲಿ 10 ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚನ್ನು ಒಪ್ಪುವುದಿಲ್ಲವೆಂಬುದನ್ನೂ ಪ್ರೊಡಕ್ಷನ್ ಹುಡುಗರಿಗೆ ಮೊದಲ ದಿನವೇ ಹೇಳಿ. ಗುತ್ತಿಗೆ, ಬಾಡಿಗೆ, ವೃತ್ತಿಪರ ಸಂಭಾವನೆ ಎಲ್ಲಕ್ಕೂ ಟಿಡಿಎಸ್ (ಪಾವತಿಯ ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಮುರಿದುಕೊಳ್ಳಬೇಕಾದವರು ನೀವು; ಲಂಡನ್ನಿನವರಲ್ಲ.

ಏಳನೆಯ ಹೆಜ್ಜೆ: ಊರೊಳಗಿನ ಅಲೆದಾಟ

ದೆಹಲಿಯ ಪತ್ರ ಕೈಗೆ ಬಂದರೆ ಎಲ್ಲ ಮುಗಿಯಿತೆಂದು ವಿದೇಶಿಯರು ಭಾವಿಸುತ್ತಾರೆ. ಅದು ಬಾಗಿಲ ಕೀಲಿ ಮಾತ್ರ; ಒಳಗೆ ಪ್ರತಿ ಕೋಣೆಗೂ ಬೇರೆ ಬೀಗ. ರಸ್ತೆಯಲ್ಲಿ ಚಿತ್ರೀಕರಿಸಲು ಪೊಲೀಸ್, ಸಂಚಾರ ಪೊಲೀಸ್, ಜೊತೆಗೆ ನಗರಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ; ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದ್ದೆಂದು ನೋಡಿಕೊಂಡು ಹೋಗಿ, ಹಳೆಯ ಪರಿಚಯದ ಗುಮಾಸ್ತರನ್ನು ಹುಡುಕಿ ಹೋಗಬೇಡಿ. ರೈಲು ನಿಲ್ದಾಣಕ್ಕೆ ನೈಋತ್ಯ ರೈಲ್ವೆ. ಹಂಪಿ, ಪಟ್ಟದಕಲ್ಲು, ಬೇಲೂರಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣೆ. ಪೂಜೆ ನಡೆಯುವ ಗುಡಿಯಾದರೆ ಆಡಳಿತ ನೋಡಿಕೊಳ್ಳುವವರ ಒಪ್ಪಿಗೆಯೂ ಬೇಕು, ಅರ್ಚಕರ ಮನಸ್ಸೂ ಬೇಕು. ಕಾಡಿನಲ್ಲಿ ಚಿತ್ರೀಕರಿಸುವುದಿದ್ದರೆ ಮಲ್ಲೇಶ್ವರದ ಅರಣ್ಯ ಭವನಕ್ಕೆ ತಿಂಗಳುಗಳ ಮೊದಲೇ ಹೋಗಿ.

ಮಕ್ಕಳು ನಟಿಸುವುದಿದ್ದರೆ ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ಮೂರು ಗಂಟೆಗಿಂತ ಹೆಚ್ಚು ಒಂದೇ ಸಮನೆ ಇಲ್ಲ, ಗಳಿಕೆಯ ಶೇಕಡಾ 20 ಮಗುವಿನ ಹೆಸರಿನ ಠೇವಣಿಗೆ. ಕುದುರೆಯೋ ನಾಯಿಯೋ ಬೇಕಾದರೆ ಹರಿಯಾಣದಲ್ಲಿರುವ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲೇ ಅರ್ಜಿ.

ಕುಂಬಳಕಾಯಿ ಒಡೆದ ಮೇಲೆ

ಮುಹೂರ್ತಕ್ಕೆ ಎಲ್ಲರೂ ಇರುತ್ತಾರೆ. ಕುಂಬಳಕಾಯಿ ಒಡೆದ ಮರುದಿನ ನೀವೊಬ್ಬರೇ. ಆ ವಾರವೇ ಎಲ್ಲ ಬಿಲ್ಲುಗಳನ್ನು ಪಾವತಿ ವಿವರದೊಂದಿಗೆ ಜೋಡಿಸಿ, ಏಕೆಂದರೆ ಲೈಟಿನವರು ಮತ್ತೊಂದು ಸಿನಿಮಾಕ್ಕೆ ಹೋದರೆ ಕಾಗದ ಸಿಗುವುದಿಲ್ಲ. ಸಾಲು ಸಾಲಾಗಿ ಖರ್ಚಿನ ಪಟ್ಟಿ ಮಾಡಿ ಲೆಕ್ಕಪರಿಶೋಧಕರಿಗೆ ಕೊಡಿ. ಟಿಡಿಎಸ್ ಕಟ್ಟಿ, ಪ್ರಮಾಣಪತ್ರ ಹಂಚಿ. ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ತಂಡಕ್ಕಿಂತ ಐದು ಗಂಟೆ ಮೊದಲೇ ನಿಮ್ಮವರೊಬ್ಬರನ್ನು ಪೆಟ್ಟಿಗೆಗಳೊಂದಿಗೆ ಕಳುಹಿಸಿ. ಕಾರ್ನೆಟ್‌ನ ಮರುರಫ್ತು ಪುಟಕ್ಕೆ ಮೊಹರು ಬಿದ್ದಿದೆಯೇ ಎಂದು ಅವರು ಕಣ್ಣಾರೆ ನೋಡಬೇಕು. ಬಂದದ್ದು ಹದಿನಾಲ್ಕು ಪೆಟ್ಟಿಗೆಯಾದರೆ ಹೋಗುವುದೂ ಹದಿನಾಲ್ಕೇ ಆಗಿರಬೇಕು. ಉಡುಗೊರೆಯೆಂದು ಯಾರಾದರೂ ಪ್ರೀತಿಯಿಂದ ಟ್ರೈಪಾಡ್ ಬಿಟ್ಟುಹೋಗಲು ಮುಂದಾದರೆ, ನಮಸ್ಕಾರ ಮಾಡಿ ಅದನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿ.